ಒಂದು ದರ್ಜೆ ಕಡಿಮೆ

ಮಿಯಾಪುರ, ಹೈದರಾಬಾದ್
೧೨ ನವೆಂಬರ್ ೨೦೨೪

ಪ್ರೀತಿಯ ಶುಭಾ,

ಜಬಲ್ಪುರದಲ್ಲಿ ಚಳಿ ಶುರುವಾಗಿರಬೇಕು. ಗಂಟಲು ಹೇಗಿದೆ? ಕ್ಯಾಂಟೀನಿನ ಕರಿದ ತಿಂಡಿ ಬಿಟ್ಟಿದ್ದೀಯೋ ಇಲ್ಲವೋ, ನಿಜ ಬರೆ. ನಾವಿಬ್ಬರೂ ಆರೋಗ್ಯ. ನಿಮ್ಮಪ್ಪ ಪಾರ್ಕಿನಲ್ಲಿ ತೆಲುಗಿನಲ್ಲಿ ಶುರು ಮಾಡಿದ ವಾದವನ್ನು ಮನೆಗೆ ಬಂದು ನನ್ನ ಮೇಲೆ ಕನ್ನಡದಲ್ಲಿ ಮುಗಿಸುತ್ತಾರೆ.

ನಿಮ್ಮ ಕಾರ್ಖಾನೆಯಲ್ಲಿ ಹುದ್ದೆಗಳ ದರ್ಜೆಯನ್ನು ಹೊಸದಾಗಿ ಹೇಗೆ ಗೊತ್ತುಮಾಡಿದ್ದಾರೆಂದು ಭಾನುವಾರ ಫೋನಿನಲ್ಲಿ ಹೇಳಿದೆಯಲ್ಲ, ನಿಮ್ಮಪ್ಪ ಅದನ್ನು ನನಗೆ ಮತ್ತೆ ಬಿಡಿಸಿ ಹೇಳಿದರು. ಕೈಕೆಳಗೆ ಎಷ್ಟು ಜನ, ಮೇಲಿನವರನ್ನು ಕೇಳದೆ ಏನೇನು ತೀರ್ಮಾನ ಮಾಡಬಹುದು, ತಪ್ಪಾದರೆ ಎಷ್ಟು ನಷ್ಟ, ಇವೇ ಅಳತೆಯಂತೆ. ವರ್ಗವಾಗಿ ಹೈದರಾಬಾದಿನ ಶಾಖೆಗೆ ಬಂದರೂ ನೀನು ಪರೀಕ್ಷಿಸುವ ಬಿಡಿಭಾಗಗಳು ಅವೇ, ಸಹಿಯೂ ನಿನ್ನದೇ. ಕೈಕೆಳಗೆ ಜನರಿಲ್ಲ ಎಂಬುದೊಂದಕ್ಕೇ ಒಂದು ದರ್ಜೆ ಕಡಿಮೆ. "ಅವ್ವಾ, ಬಂದ್ಬಿಡ್ಲೇನು?" ಎಂದು ನೀನು ಕೇಳಿದೆ. "ಮ್ಯಾಲ ಹೋದವ್ರು ಕೆಳಗ ಇಳೀತಾರೇನು? ಮಂದಿ ಏನಂದಾರು?" ಎಂದೆ ನಾನು. ನೀನು ಫೋನ್ ಇಟ್ಟ ಮೇಲೆ ನಿಮ್ಮಪ್ಪ, "ಮಂದಿ ಅಂದ್ರ ಎದುರುಮನಿ ಗದಿಗೆಮ್ಮ ಒಬ್ಬಾಕೀನ. ಆಕೀಗೆ ನಾ ಹೇಳ್ತೀನಿ ತಗೋ" ಎಂದರು.

ದರ್ಜೆಯ ವಿಷಯ ನನಗೆ ಯಾರೂ ಕಲಿಸಬೇಕಿಲ್ಲ. ನಿಮ್ಮಪ್ಪನ ಕಂಪನಿಯ ಟೌನ್‌ಶಿಪ್ಪಿನಲ್ಲಿದ್ದಾಗ ಅರಿಶಿನ-ಕುಂಕುಮಕ್ಕೆ ಕರೆದರೂ ಗಂಡಂದಿರ ದರ್ಜೆ ನೋಡಿಯೇ ಜಮಖಾನೆಯ ಮೇಲೆ ಕೂರುತ್ತಿದ್ದೆವು. ನಾನೂ ಪಕ್ಕದ ಮನೆಯ ಗೋದಾವರಿಯೂ ಬಾಗಿಲ ಹತ್ತಿರ, ಚಪ್ಪಲಿಗಳ ಪಕ್ಕ ಕೂತು ಮುಂದಿನವರ ಬಿಗುಮಾನ ನೋಡಿ ಸೆರಗಿನೊಳಗೆ ನಗುತ್ತಿದ್ದೆವು. ನಿಮ್ಮಪ್ಪನಿಗೆ ಬಡ್ತಿ ಬಂತು, ನಾನು ಮುಂದಿನ ಸಾಲಿಗೆ ಹೋದೆ. ಬೆನ್ನು ನೆಟ್ಟಗೆ ಮಾಡಿಕೊಂಡು ಕೂತೆ. ಅಲ್ಲಿ ನನ್ನ ಜೊತೆ ನಗುವವರು ಯಾರೂ ಇರಲಿಲ್ಲ. ಆ ಸಾಲಿನವರಲ್ಲಿ ಒಬ್ಬರೂ ಈಗ ಹೇಗಿದ್ದೀಯೆಂದು ಕೇಳುವುದಿಲ್ಲ.

ಸಂಜೆ ಮೆಟ್ರೊ ಇಳಿದು ಆಫೀಸಿನ ಹುಡುಗಿಯರು ನಮ್ಮ ಗೇಟಿನೊಳಗೆ ಬರುತ್ತಾರೆ. ಆ ಹೊತ್ತಿಗೇ ನಾನು ಬಾಲ್ಕನಿಯಲ್ಲಿ ಒಣಹಾಕಿದ ಬಟ್ಟೆ ತೆಗೆಯುತ್ತೇನೆ. ಅವರಲ್ಲೊಬ್ಬಳು ನಿನ್ನ ಹಾಗೆಯೇ ತಲೆ ತಗ್ಗಿಸಿ, ಬ್ಯಾಗನ್ನು ಎದೆಗೆ ಒತ್ತಿಕೊಂಡು ನಡೆಯುತ್ತಾಳೆ. ಹಿಂದಿನ ಬ್ಲಾಕಿಗೆ ತಿರುಗಿ ಮರೆಯಾಗುವವರೆಗೂ ನೋಡುತ್ತೇನೆ. "ಹಸೀ ಬಟ್ಟಿ ಯಾಕ ಮಡಚಾಕತ್ತೀಯ?" ಎಂದು ನಿಮ್ಮಪ್ಪ ನಿನ್ನೆ ಕೇಳಿದರು. ಗಂಡಸರಿಗೆ ಎಲ್ಲವನ್ನೂ ಕೇಳುವ ಚಟ.

ಊಟ ತಪ್ಪಿಸಬೇಡ. ದೀಪ ಹಚ್ಚುವಾಗ ಮೊದಲು ನಿನ್ನ ಹೆಸರು ಹೇಳಿಯೇ ಕೈ ಮುಗಿಯುತ್ತೇನೆ.

ನಿನ್ನ ಅವ್ವ,
ವನಜಾ

ತಾ.ಕ.: ಆ ಕೆಳಗಿನ ಹುದ್ದೆಯನ್ನೇ ಒಪ್ಪಿಕೊ. ಫೋನಿನಲ್ಲಿ ಮತ್ತೆ ನನ್ನನ್ನು ಕೇಳಬೇಡ, ಬಾಯಿ ತಪ್ಪಿ ಬೇಡ ಎಂದುಬಿಟ್ಟೇನು. ರೈಲು ಯಾವುದೆಂದು ಮಾತ್ರ ಹೇಳು, ಸಿಕಂದರಾಬಾದಿಗೆ ನಾನೇ ಬರುತ್ತೇನೆ.