ಇಟ್ಟಿಗೆ ಕೆಂಪಿಗೆ ತಿರುಗಿದ ಬಾಟಲಿ ಕುರಿತು

ಉಳ್ಳಾಗಡ್ಡಿ ಪೇಟೆಯಲ್ಲಿ ಸಕ್ಕರೆ ಕಾಯಿಲೆಯ ತಪಾಸಣಾ ಶಿಬಿರ ನಡೆಸಿದ ಆರೋಗ್ಯಾಧಿಕಾರಿ ಸಾಹೇಬರಿಗೆ,

ಮಾನ್ಯರೇ,

ಬೀದರ ಕೋಟೆಯಿಂದ ಹಿಡಿದು ನಾಸಿಕದ ಗೋದಾವರಿ ಘಾಟಿನ ತನಕ ನನ್ನಷ್ಟು ಗಟ್ಟಿ ಆಳು ಇನ್ನೊಬ್ಬ ಹುಟ್ಟಿಲ್ಲ. ಅರವತ್ತು ವರ್ಷದಲ್ಲಿ ನನಗೆ ಒಂದು ಸೀನು ಸಹ ಬಂದಿಲ್ಲ. ಎರಡು ಬಗಲಲ್ಲಿ ಎರಡು ಉಳ್ಳಾಗಡ್ಡಿ ಚೀಲ ಹಿಡಿದು ಲಾಸಲಗಾಂವ್‌ನಿಂದ ನಿಫಾಡದವರೆಗೆ ನಡೆದಿದ್ದೇನೆ, ನಡೆದು ಬೇಜಾರಾಯಿತೆಂದು ನಡುವೆ ಓಡಿದ್ದೂ ಉಂಟು. ಇಂಥ ನನ್ನನ್ನು ತಾವು ಕಳೆದ ವರ್ಷ ಜನವರಿ ಹದಿನೆಂಟರಂದು ಮುನ್ನೂರು ಮಂದಿಯ ಎದುರು ಕೂಗುವ ಭೋಂಗಾ ಹಿಡಿದು ರೋಗಿ ಎಂದು ಸಾರಿದಿರಿ. ಸಾರಿದ ರೀತಿ ಸರಿಯಿರಲಿಲ್ಲ. ಸಾರಿದ ಹೆಸರೂ ಸರಿಯಿರಲಿಲ್ಲ. ಇದೇ ನನ್ನ ತಕರಾರು.

ಮರಾಠಿ ಸರಕಾರದ ಅಧಿಕಾರಿಗೆ ಕನ್ನಡದಲ್ಲೇಕೆ ಪತ್ರ, ಅದೂ ನಾಸಿಕದ ನಮ್ಮ ಕನ್ನಡ ಬಳಗದ ವಾರ್ಷಿಕ ಸಂಚಿಕೆಯಲ್ಲಿ, ಎಂದು ಓದುಗರು ಕೇಳಬಹುದು. ನನ್ನ ಮರಾಠಿ ಲಿಲಾವಿನ, ಅಂದರೆ ಹರಾಜಿನ ಮರಾಠಿ. ಅದರಲ್ಲಿ ಭಾವ ಏರಿಸಬಹುದು, ಇಳಿಸಬಹುದು, ಅಳಲಿಕ್ಕೆ ಆಗುವುದಿಲ್ಲ. ಮೇಲಾಗಿ ತಾವು ಧಾರವಾಡ ಕಡೆಯವರು, ವರ್ಗವಾಗಿ ಇತ್ತ ಬಂದವರು. ಅಂದು ನನ್ನ ಹೆಸರು ನೋಡಿದ್ದೇ "ನಮ್ಮವರs ಏನ್ರೀ ನೀವು?" ಎಂದು ಕೇಳಿ ನನ್ನ ಎದೆ ಉಬ್ಬಿಸಿದವರು. ಐದು ನಿಮಿಷದಲ್ಲಿ ಅದೇ ಎದೆಗೆ ಗುದ್ದಿದವರೂ ತಾವೇ.

ಮೊದಲಿನಿಂದ ಹೇಳುತ್ತೇನೆ. ಶಿಬಿರಕ್ಕೆ ಮೂರು ತಿಂಗಳು ಮುಂಚೆಯೇ ನನಗೆ ಕಾಯಿಲೆ ಗೊತ್ತಾಗಿತ್ತು. ಕೊಡಗಟ್ಟಲೆ ನೀರು ಕುಡಿದರೂ ನಾಲಿಗೆ ಒಣಗುತ್ತಿತ್ತು, ಧೋತರ ಸೊಂಟದಲ್ಲಿ ನಿಲ್ಲುತ್ತಿರಲಿಲ್ಲ, ಬಚ್ಚಲಲ್ಲಿ ನಾನು ಕೂತು ಎದ್ದ ಜಾಗಕ್ಕೆ ಇರುವೆಗಳು ಭಜನೆಯವರ ದಿಂಡಿ ಹೊರಟಂತೆ ಸಾಲುಗಟ್ಟಿ ಬರುತ್ತಿದ್ದವು. ನಾಸಿಕದ ಡಾಕ್ಟರು ರಕ್ತ ನೋಡಿ, "ಕಾಕಾ, ಇದು ಸಕ್ಕರೆ. ಇನ್ನು ಸಾಯುವ ತನಕ ನಿಮ್ಮ ಜೊತೆಗೇ ಇರುತ್ತದೆ" ಎಂದರು. ಐವತ್ತೊಂಬತ್ತನೆಯ ವಯಸ್ಸಿನಲ್ಲಿ ಹೊಸ ಸಂಬಂಧ! ಗುಳಿಗೆ ಕೊಟ್ಟರು, ಬೆಲ್ಲ ಬಿಡಿ ಎಂದರು, ಚಹಾ ಸಪ್ಪೆ ಕುಡಿಯಿರಿ ಎಂದರು. ನಾನು ಹಲ್ಲು ಕಿರಿದು ಹೊರಗೆ ಬಂದೆ. ಬಸ್‌ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಕೂತು ಎರಡು ಬಸ್ಸು ಬಿಟ್ಟೆ. ಗಟ್ಟಿತನ ಒಂದೇ ನನ್ನ ಆಸ್ತಿ ಎಂದು ಊರೆಲ್ಲ ಹೇಳಿಕೊಂಡು ತಿರುಗಿದವನಿಗೆ ಆ ಆಸ್ತಿ ಹೋದ ಮೇಲೆ ಯಾವ ಮುಖ ಹೊತ್ತು ಪೇಟೆಗೆ ಹೋಗಬೇಕೆಂದು ತಿಳಿಯಲಿಲ್ಲ.

ನಮ್ಮ ಪೇಟೆಯ ನಾಲಿಗೆ ತಮಗೆ ಗೊತ್ತಿಲ್ಲ. ನನ್ನ ಜೊತೆಯ ವ್ಯಾಪಾರಿ ಗುರುಲಿಂಗಪ್ಪ ಕಲಬುರ್ಗಿಯವನು. ಪಕ್ಕದ ಗಾಳೆಯ, ಅಂದರೆ ಮಳಿಗೆಯ, ಒಬ್ಬನಿಗೆ ಸಕ್ಕರೆ ಬಂದಾಗ ಅವನು ಅಂದದ್ದು ಇದು: "ಸಕ್ಕರಿ ಬಂದವ ಅಂದ್ರ ಮೊಳಕಿ ಒಡೆದ ಉಳ್ಳಾಗಡ್ಡಿ ನೋಡಪಾ ಖಂಡಪ್ಪ. ಮ್ಯಾಲ ಹಸರು ಚಂದ ಕಾಣತದ, ಒಳಗ ಪೊಳ್ಳ!" ಎಲ್ಲರಿಗಿಂತ ಗಟ್ಟಿಯಾಗಿ ನಕ್ಕವನು ನಾನೇ. ಆಮೇಲೆ ನನಗೂ ಅದೇ ಬಂದಿದೆ ಎಂದು ಯಾವ ಬಾಯಿಂದ ಹೇಳಲಿ?

ಇಂಥ ಹೊತ್ತಿನಲ್ಲಿ ತಮ್ಮ ಶಿಬಿರದ ಡಂಗುರ ಬಂತು. ಏನು ಚಂದದ ವ್ಯವಸ್ಥೆ! ಲೈಸೆನ್ಸ್ ಇದ್ದ ವ್ಯಾಪಾರಿಗಳೂ ಹಮಾಲರೂ ಬೆಳಗಿನ ಮೊದಲ ಮೂತ್ರವನ್ನು ಮನೆಯಿಂದಲೇ ಬಾಟಲಿಯಲ್ಲಿ ತರಬೇಕು. ತಮ್ಮವರು ಅದನ್ನು ನೀಲಿ ಔಷಧದ ಜೊತೆ ಕಾಯಿಸುತ್ತಾರೆ. ನೀಲಿ ನೀಲಿಯಾಗಿಯೇ ಉಳಿದರೆ ಸಕ್ಕರೆ ಇಲ್ಲ. ಹಸಿರಾದರೆ ಸ್ವಲ್ಪ, ಹಳದಿಯಾದರೆ ಹೆಚ್ಚು, ಇಟ್ಟಿಗೆ ಕೆಂಪಾದರೆ ದೇವರೇ ಗತಿ. ನೀಲಿ ಬಂದವರಿಗೆ ವೇದಿಕೆಯ ಮೇಲೆ ತೆಂಗಿನಕಾಯಿ, ಶಾಲು! ರೋಗ ಇಲ್ಲದ್ದಕ್ಕೆ ಸನ್ಮಾನ ಮಾಡುವ ಇಲಾಖೆಯನ್ನು ನಾನು ಇನ್ನೆಲ್ಲೂ ಕಂಡಿಲ್ಲ. ಅಂಥ ಸನ್ಮಾನ ಇಟ್ಟ ಮೇಲೆ ಜನ ಸುಳ್ಳು ಹೇಳುತ್ತಾರೆಂದು ತಮಗೆ ಹೊಳೆಯಲಿಲ್ಲವೇ? ಮತ್ತೆ ಆ ಫಾರ್ಮಿನಲ್ಲಿ ಹೆಂಗಸರಿಗೆ ಒಂದು ಗೆರೆಯಷ್ಟೂ ಜಾಗವಿರಲಿಲ್ಲ. ಪೇಟೆಯಲ್ಲಿ ದಿನವಿಡೀ ಕೂತು ಉಳ್ಳಾಗಡ್ಡಿ ಆರಿಸುವ ನೂರಾರು ಹೆಂಗಸರ ಮೈಯಲ್ಲಿ ರಕ್ತದ ಬದಲು ಪಂಚಗಂಗೆ ಹರಿಯುತ್ತದೆಂದು ತಿಳಿದಿದ್ದಿರೋ?

ನಾನು ಮಾಡಿದ್ದು ಈಗ ಕೇಳಿ. ಶಿಬಿರದ ಹಿಂದಿನ ಸಂಜೆ ನನ್ನ ಹೆಂಡತಿ ಸಂಗಮ್ಮನ ಕೈಗೆ ಬಾಟಲಿ ಕೊಟ್ಟೆ.

"ನಾಳಿ ಎದ್ದ ಕೂಡಲೇ ಇದರಾಗ ಹಿಡದು ಕೊಡು. ಹೆಣ್ಮಕ್ಕಳದೂ ನೋಡ್ತಾರಂತ."

"ನಂದೂ ನೋಡ್ತಾರೇನ್ರಿ?" ಅವಳ ಮುಖ ಅರಳಿತು. ಮೂವತ್ತೆಂಟು ವರ್ಷದ ಸಂಸಾರದಲ್ಲಿ ಯಾವ ಸರಕಾರವೂ ಅವಳದೇನನ್ನೂ ಕೇಳಿರಲಿಲ್ಲ. "ಸುಳ್ಳಲ್ಲ ಹೌದಲ್ರಿ? ನಿಮ್ಮ ಮಾತಿನ್ಯಾಗ ಅರ್ಧ ಖೋಟಾ ಚಿಲ್ರಿ ಇರ್ತದ."

"ಸುಳ್ಳ ಹೇಳಿ ನಿನ್ನ ಮೂತ್ರ ತಗೊಂಡು ನಾ ಏನ್ ಅಂಗಡಿ ಇಡ್ಲೇನ?" ಎಂದೆ. ಬಿದ್ದು ಬಿದ್ದು ನಕ್ಕಳು.

ಮರುದಿನ ಅವಳ ಬಾಟಲಿಯ ಮೇಲೆ ನನ್ನ ಹೆಸರಿನ ಚೀಟಿ ಅಂಟಿಸಿಕೊಂಡು ಸಾಲಿನಲ್ಲಿ ನಿಂತೆ. ಎಂದೂ ಕಾಯಿಲೆ ಬೀಳದವಳು, ಹಾಸಿಗೆ ಹಿಡಿಯಲು ಬಿಡುವಿಲ್ಲದವಳು, ಅವಳದು ನೀಲಿ ಬರದೆ ಇನ್ನೇನು ಬಂದೀತು? ತೆಂಗಿನಕಾಯಿ ಒಡೆದು ಗುರುಲಿಂಗಪ್ಪನ ಬಾಯಿಗೆ ಮೊದಲ ಹೋಳು ಹಾಕಬೇಕೆಂದು ಕನಸು ಕಾಣುತ್ತಿದ್ದೆ. ಆಗ ತಾವು ಭೋಂಗಾದಲ್ಲಿ ಕೂಗಿದಿರಿ: ನಂಬರ ಇನ್ನೂರ ಹದಿಮೂರು, ಖಂಡಪ್ಪ, ಇಟ್ಟಿಗೆ ಕೆಂಪು. ಕೂಗಿ ಸುಮ್ಮನಾಗಿದ್ದರೆ ಚೆನ್ನಾಗಿತ್ತು. "ಏನ್ರೀ ಖಂಡಪ್ಪನವರ, ನಿಮ್ಮ ಬಾಟ್ಲಿಯಾಗ ಇಟ್ಟಂಗಿ ಭಟ್ಟಿನs ಐತಲ್ರೀ! ಮನಿ ಕಟ್ಟೂದಿದ್ರ ಹೇಳ್ರಿ!" ಎಂದು ಕನ್ನಡದಲ್ಲಿ ಅಂದು, ಅದನ್ನೇ ಮರಾಠಿಯಲ್ಲಿ ಮತ್ತೊಮ್ಮೆ ಅಂದಿರಿ. ಮುನ್ನೂರು ಮಂದಿ ನಕ್ಕರು.

ಸಾಹೇಬರೇ, ಆ ನಗೆಯ ನಡುವೆ ನಿಂತು "ಇದು ನನ್ನದಲ್ಲ, ನನ್ನ ಹೆಂಡತಿಯದು" ಎನ್ನುವ ಗಂಡಸು ಯಾರಾದರೂ ಇದ್ದಾನೆಯೇ? ಇದ್ದಾನು. ನಾನಲ್ಲ. ನಾನು ಮೀಸೆ ತಿರುವಿ, "ಸಿಹಿ ಮನುಷ್ಯ ನಾ, ಸಿಹಿನೇ ಬರತದ" ಎಂದು ಚಪ್ಪಾಳೆ ಹೊಡೆಸಿಕೊಂಡು ಮನೆಗೆ ಬಂದೆ. ದಾರಿಯುದ್ದಕ್ಕೂ ನನಗೆ ನಾನೇ ಹೇಳಿಕೊಂಡೆ: ಅದು ಕೆಮ್ಮಿನ ಔಷಧದ ಬಾಟಲಿ, ತಳದಲ್ಲಿ ಪಾಕ ಉಳಿದಿರಬೇಕು, ಅದಕ್ಕೇ ಕೆಂಪಾಗಿದೆ. ಆ ಬಾಟಲಿಯನ್ನು ಬಿಸಿನೀರು ಹಾಕಿ ಮೂರು ಸಲ ತೊಳೆದವನೂ ನಾನೇ. ಅದು ಗೊತ್ತಿದ್ದೂ ಹಾಗೆ ಹೇಳಿಕೊಂಡೆ.

ಬಾಗಿಲಲ್ಲೇ ಕೇಳಿದಳು. "ನಂದ ಏನ್ ಬಂದದ್ರಿ?"

"ನೀಲಿ," ಅಂದೆ. "ಇಳಕಲ್ ಸೀರಿ ಒಡಲಿನಂಗ ಕಡು ನೀಲಿ."

"ನಿಮ್ಮದು?"

"ಕೆಂಪು."

ಸೆರಗು ಬಾಯಿಗಿಟ್ಟು ಅತ್ತಳು. ನನಗಾಗಿ.

ಅಂದಿನಿಂದ ಶುರುವಾದದ್ದನ್ನು ಬರೆಯಲು ಕೈ ಬರುವುದಿಲ್ಲ. ನಮ್ಮದು ಲಿಂಗಪೂಜೆಯ ಮನೆ. ಸೋಮವಾರ ಪಾಯಸ, ಅಮಾವಾಸ್ಯೆಗೆ ಹೋಳಿಗೆ, ಹಬ್ಬಕ್ಕೆ ಹುಗ್ಗಿ. ನೈವೇದ್ಯ ಹಿಡಿದ ತಟ್ಟೆ ಮದುವೆಯಾದಂದಿನಿಂದ ನನ್ನ ಪಾಲು. ಅದು ಪ್ರಸಾದ, ಒಂದು ಅಗುಳೂ ಚೆಲ್ಲುವಂತಿಲ್ಲ, ಕಡೆಗೆ ತಟ್ಟೆ ತೊಳೆದ ನೀರನ್ನೂ ಕುಡಿಯಬೇಕು. ನಾನು ಸಿಹಿ ಮುಟ್ಟುವಂತಿರಲಿಲ್ಲ. ಹಾಗಾಗಿ ನನ್ನ ತಟ್ಟೆಯ ಹೋಳಿಗೆ ಅವಳ ತಟ್ಟೆಗೆ ಹೋಗತೊಡಗಿತು. ಮೊದಲು ಅವಳ ಪಾಲು, ಅದರ ಮೇಲೆ ನನ್ನ ಪಾಲು. "ನಂದ ನೀಲಿ ಬಂದದಲ್ರಿ, ನನಗ ಏನ್ ಆಗತದ? ಪ್ರಸಾದ ಕಸಕ್ಕ ಹಾಕಬಾರದು" ಎನ್ನುತ್ತಿದ್ದಳು. ಒಂದೊಂದು ಸಲ ಸಾಕಾಗಿ ನೀರು ಕುಡಿದು ನುಂಗುವಳು. ನಾನು ಎದುರಿಗೆ ಕೂತು ಜೋಳದ ರೊಟ್ಟಿ, ಮೆಂತೆ ಪಲ್ಯ ತಿನ್ನುತ್ತಾ ನೋಡುತ್ತಿದ್ದೆ. ಒಂದು ದಿನವಾದರೂ ಅವಳ ಕೈ ಹಿಡಿದೆನೇ? ಇಲ್ಲ. ಹಿಡಿದರೆ ಯಾಕೆ ಎಂದು ಕೇಳುತ್ತಿದ್ದಳು.

ನಾನು ಮಾತ್ರ ಸುಧಾರಿಸಿದೆ. ಹಾಗಲಕಾಯಿ ರಸ ಕುಡಿದೆ, ಗುಳಿಗೆ ನುಂಗಿದೆ, ಬೆಳಿಗ್ಗೆ ರೈಲು ಹಳಿಯ ಗುಂಟ ನಾಲ್ಕು ಮೈಲಿ ನಡೆದೆ. ಆ ರಸವನ್ನು ಅರೆದು ಸೋಸಿ ಕೊಡುತ್ತಿದ್ದವಳು ಅವಳು. ಮಳೆಗಾಲದ ಹೊತ್ತಿಗೆ ನನ್ನ ಸಕ್ಕರೆ ಇಳಿಯಿತು, ಪೇಟೆಯಲ್ಲಿ ಎದೆ ತಟ್ಟಿ ಹೇಳಿಕೊಂಡೆ. ಅದೇ ಮಳೆಗಾಲದಲ್ಲಿ ಸಂಗಮ್ಮ ತಂಬಿಗೆ ತಂಬಿಗೆ ನೀರು ಕುಡಿಯತೊಡಗಿದಳು. ಕೌದಿ ಹೊಲಿಯುವಾಗ ಸೂಜಿಗೆ ದಾರ ಪೋಣಿಸಲು ಪಕ್ಕದ ಮನೆಯವರನ್ನು ಕರೆದಳು. ವಯಸ್ಸಾಯಿತೆಂದು ಸಂತೆಯಲ್ಲಿ ಒಂದು ಚಾಳೀಸು ಕನ್ನಡಕ ಕೊಡಿಸಿದೆ. ಎರಡು ತಿಂಗಳಿಗೆ ಇನ್ನೊಂದು. ಮೂರನೆಯದು ಬೇಡ ಎಂದಳು. "ಕಣ್ಣ ಮುಂದ ಜೇಡರ ಬಲಿ ಕಟ್ಟಿದಂಗ ಆಗತದ. ಚಾಳೀಸ್ ಹಾಕಿದ್ರ ಜೇಡ ದೊಡ್ಡದಾಗಿ ಕಾಣತದ ಅಷ್ಟೇ."

ಈ ವರ್ಷದ ಶಿವರಾತ್ರಿಗೆ ನಮ್ಮಣ್ಣನ ಮಗಳು ಸುಮನ ಬಂದಳು. ಔರಂಗಾಬಾದಿನ ದವಾಖಾನೆಯಲ್ಲಿ ನರ್ಸ್. ಅಲ್ಲೇ ಬೆಳೆದವಳು, ಕನ್ನಡದಲ್ಲಿ ಅರ್ಧ ಮರಾಠಿ. ಸಂಗಮ್ಮ ಅವಳಿಗೆ ಚಹಾ ಬಗ್ಗಿಸಿದಾಗ ಚಹಾ ಬಶಿಯ ಆಚೆ ನೆಲಕ್ಕೆ ಬಿತ್ತು.

"ಕಾಕೂ, ಬಶಿ ಇಕಡೆ ಅದ. ಕಾಣ್ಸಲ್ಲೇನು?" ಎಂದಳು ಸುಮನ. ಆಮೇಲೆ ನನ್ನ ಕಡೆ ತಿರುಗಿ, "ಕಾಕಾ, ಕಾಯ್ ಹೇ? ಇಷ್ಟ ದಿವಸ ನೀವು ಏನ್ ನೋಡ್ತಾ ಕೂತಿದ್ರಿ?" ಎಂದಳು.

ಮಾರ್ಚ್ ಹತ್ತಕ್ಕೆ ಔರಂಗಾಬಾದಿಗೆ ಕರೆದೊಯ್ದೆವು. ರಕ್ತದಲ್ಲಿ ಸಕ್ಕರೆ ನನಗೆ ಎಂದೂ ಬಂದಿರದಷ್ಟು. ಕಣ್ಣಿನ ಡಾಕ್ಟರು ದೀಪ ಹಾಕಿ ಬಹಳ ಹೊತ್ತು ನೋಡಿದರು. ಒಳಗೆ ರಕ್ತನಾಳ ಒಡೆದಿದೆ, ಬಲಗಣ್ಣು ಹೋದಂತೆಯೇ, ಎಡಗಣ್ಣನ್ನು ಉಳಿಸಲು ನೋಡೋಣ ಎಂದರು. "ಸಕ್ಕರೆ ಎಷ್ಟು ದಿನದಿಂದ ಇದೆ?" ಎಂದು ಮರಾಠಿಯಲ್ಲಿ ಕೇಳಿದರು.

ನಾನು ಅಂದೆ, "ಎರಡು ಮೂರು ತಿಂಗಳಿಂದ ಇರಬೇಕು."

ಅಷ್ಟರಲ್ಲಿ ಸಂಗಮ್ಮ ಕತ್ತಲಲ್ಲಿ ಕೈಯಾಡಿಸಿ ನನ್ನ ತೋಳು ಹಿಡಿದು ಅಂದಳು, "ಡಾಕ್ಟರಿಗೆ ಹೇಳ್ರಿ, ಹೋದ ವರ್ಷ ಶಿಬಿರದಾಗ ನೋಡ್ಸೇವಿ ಅಂತ. ನಂದು ನೀಲಿ ಬಂದಿತ್ತಲ್ರಿ!"

ಸುಮನ ಅದನ್ನು ಮರಾಠಿಯಲ್ಲಿ ಹೇಳಿದಳು. ಡಾಕ್ಟರು ಮೂಗು ಮುರಿದು, ಇಂಥ ಶಿಬಿರಗಳಲ್ಲಿ ಬಾಯಿಗೆ ಬಂದದ್ದು ಬರೆಯುತ್ತಾರೆ, ಅಂದೇ ಸರಿಯಾಗಿ ನೋಡಿದ್ದರೆ ಎರಡೂ ಕಣ್ಣು ಉಳಿಯುತ್ತಿದ್ದವು ಎಂದರು. ಹೊರಗೆ ಬಂದ ಸುಮನ ದವಾಖಾನೆಯ ಚೀಟಿಯನ್ನು ಸಿಟ್ಟಿನಿಂದ ನನ್ನ ಕೈಗೆ ತುರುಕಿದಳು. "ಕಾಕಾ, ಆ ಆಫೀಸರನ ಹೆಸರಿಗೆ ಪೇಪರಿನ್ಯಾಗ ಬರೀರಿ. ಸೋಡೂ ನಕಾ. ಬಿಡಬ್ಯಾಡ್ರಿ ಅವನ್ನ."

ಸಾಹೇಬರೇ, ಈ ಪತ್ರ ಹುಟ್ಟಿದ್ದು ಹಾಗೆ. ತಾವು ಕೆಂಪನ್ನು ನೀಲಿ ಎಂದಿರಿ, ನನ್ನ ಹೆಂಡತಿಯ ಕಣ್ಣು ತೆಗೆದಿರಿ ಎಂದು ಬರೆಯಲು ಕೂತವನು ನಾನು. ಬರೆದಿದ್ದರೆ ಎಲ್ಲರೂ ನಂಬುತ್ತಿದ್ದರು. ನಮ್ಮ ದೇಶದಲ್ಲಿ ಸರಕಾರ ತಪ್ಪು ಮಾಡಿತೆಂದರೆ ಸಾಕ್ಷಿ ಯಾರು ಕೇಳುತ್ತಾರೆ? ಎರಡು ಸಲ ಬರೆದೆ, ಎರಡು ಸಲ ಹರಿದೆ. ತಮ್ಮ ಔಷಧ ಸುಳ್ಳು ಹೇಳಿರಲಿಲ್ಲ. ಪೇಟೆಯಲ್ಲಿ ಅಂದು ನಿಜ ನುಡಿದದ್ದು ಆ ಬಾಟಲಿ ಒಂದೇ.

ಹಾಗೆಂದು ತಮ್ಮನ್ನು ಬಿಡುವವನಲ್ಲ ನಾನು. ಮುಂದಿನ ಶಿಬಿರದಲ್ಲಿ ಹೆಂಗಸರ ಹೆಸರು ಬರೆಯುವ ಫಾರ್ಮು ಮಾಡಿರಿ, ಅವರ ಬಾಟಲಿಯನ್ನು ಅವರ ಕೈಯಿಂದಲೇ ಇಸಿದುಕೊಳ್ಳಿರಿ, ಬಂದ ಬಣ್ಣವನ್ನು ಅವರ ಕಿವಿಯಲ್ಲಿ ಹೇಳಿರಿ. ಭೋಂಗಾ ಲಿಲಾವಿಗೆ ಇರಲಿ. ತೆಂಗಿನಕಾಯಿಯನ್ನು ಕೆಂಪು ಬಂದವರಿಗೆ ಕೊಡಿರಿ, ದೇವರಿಗೆ ಒಡೆಯುವ ಅಗತ್ಯ ಅವರಿಗೇ ಹೆಚ್ಚು. ಇನ್ನೊಂದು ಬೇಡಿಕೆ ನನ್ನ ಸ್ವಂತದ್ದು. ತಮ್ಮ ದಫ್ತರದಲ್ಲಿ ಇನ್ನೂರ ಹದಿಮೂರನೆಯ ನಂಬರಿನ ಮುಂದೆ ನನ್ನ ಹೆಸರು ಇದೆ. ಅದನ್ನು ಹೊಡೆದುಹಾಕಿ ಸಂಗಮ್ಮ ಎಂದು ಬರೆಯಿರಿ, ಅದರ ನಕಲನ್ನು ಔರಂಗಾಬಾದಿನ ಡಾಕ್ಟರಿಗೆ ಕಳಿಸಿರಿ. ಕಾಯಿಲೆ ಎಷ್ಟು ಹಳೆಯದೆಂದು ಗೊತ್ತಾದರೆ ಎಡಗಣ್ಣಿಗೆ ಏನು ಮಾಡಬೇಕೆಂದು ಅವರಿಗೆ ತಿಳಿದೀತು ಎಂದು ಸುಮನ ಹೇಳುತ್ತಾಳೆ. ನಾನು ಅದನ್ನು ಯಾಕೆ ಕೇಳಿದೆನೆಂದು ಅವಳಿಗೆ ಇನ್ನೂ ಗೊತ್ತಿಲ್ಲ. ಸಂಗಮ್ಮನಿಗೂ ಗೊತ್ತಿಲ್ಲ. ಸಂಚಿಕೆ ಬಂದ ದಿನ ಇದನ್ನು ಅವಳಿಗೆ ನಾನೇ ಓದಿ ಹೇಳಬೇಕು, ಅವಳಿಗೆ ಓದಿ ಹೇಳುವವರು ಮನೆಯಲ್ಲಿ ಬೇರೆ ಯಾರೂ ಇಲ್ಲ.

ಡಾಕ್ಟರಿಗೆ ನಾನು ಹೇಳಿದ ಎರಡು ಮೂರು ತಿಂಗಳು ಸುಳ್ಳು. ತಾವು ಕೆಂಪು ಎಂದು ಕೂಗಿದ ದಿನದಿಂದ ಅವಳನ್ನು ದವಾಖಾನೆಯ ಮೆಟ್ಟಿಲು ಹತ್ತಿಸಿದ ದಿನದವರೆಗೆ ಕ್ಯಾಲೆಂಡರ್ ಮುಂದಿಟ್ಟುಕೊಂಡು ಎಣಿಸಿದ್ದೇನೆ. ಹದಿನಾಲ್ಕು ಅಮಾವಾಸ್ಯೆ. ನಾನು ಬಾಯಿ ಮುಚ್ಚಿಕೊಂಡು ಕಳೆದದ್ದು, ಅವಳ ಕಣ್ಣಿನಿಂದ ಕಳೆದದ್ದು, ಒಟ್ಟು ನಾಲ್ಕುನೂರ ಹದಿನೇಳು ದಿನ.

ಇಂತಿ,
ಸಕ್ಕರೆ ಹತೋಟಿಯಲ್ಲಿರುವ,
ಖಂಡಪ್ಪ
ಉಳ್ಳಾಗಡ್ಡಿ ವ್ಯಾಪಾರಿ, ಮುಕ್ಕಾಂ ಲಾಸಲಗಾಂವ್
ಏಪ್ರಿಲ್ ೧೯೯೨