ಬಾಗಿಲಿಗೆ ಹಾಕಿದ ನೀರು

ಅಮ್ಮಾ,

ಇವತ್ತು ಬೆಳಿಗ್ಗೆ ನಮ್ಮ ಹೊಸ್ತಿಲ ಮುಂದೆ, ನೆಲದಲ್ಲಿ ಬೀದಿದೀಪ ಹೊಳೆಯುತ್ತಿತ್ತು. ಎದ್ದ ಕೂಡಲೇ ಹಿಮ ಗುಡಿಸಿ, ನಿನ್ನ ಹಾಗೆ ಬಾಗಿಲಿಗೆ ಹಾಕಿದ್ದ ನೀರು ಜಪಾನಿನ ಈ ತ್ಸುಕುಬಾ ಊರಿನ ಚಳಿಗೆ ಗಾಜಾಗಿತ್ತು. ನೋಡುತ್ತ ನಿಂತುಬಿಟ್ಟೆ. ಶಾಲೆಗೆ ರಜೆಯಾದ್ದರಿಂದ ಸಲಿಕೆ ಹಿಡಿದು ಹೊರಟ ನಿನ್ನ ಅಳಿಯ, ನಾನು ಬಾಯಿ ತೆರೆಯುವ ಮೊದಲೇ ಅದರ ಮೇಲೆ ಜಾರಿ ಕುಳಿತರು.

“ನೀರು ಹೆಪ್ಪುಗಟ್ಟೋದನ್ನ ಪಾಠ ಮಾಡೋ ಮೇಷ್ಟ್ರಿಗೇ ಪ್ರಾಕ್ಟಿಕಲ್ ಇಟ್ಟೆಯಲ್ಲೇ!” ಎಂದು ನಕ್ಕರು. ನಿಧಿ “ಅಪ್ಪಾ, ದೈಜೋಬು?” ಎಂದು, ಏನೂ ಆಗಿಲ್ಲ ತಾನೇ ಎಂದು ಜಪಾನಿಯಲ್ಲೇ ಕೇಳುತ್ತ ಓಡಿದಳು. ಪಕ್ಕದ ಮನೆಯ ಮುದುಕಿ ಹಯಾಶಿ-ಸಾನ್ ಮರಳು ತಂದು ಚೆಲ್ಲಿ, ತಪ್ಪು ತಮ್ಮದೇ ಎಂಬಂತೆ “ಸುಮಿಮಾಸೆನ್” ಎಂದರು.

ಮಧ್ಯಾಹ್ನ ಮೂವರೂ ಬಿಸಿ ಸಾರು ಕುಡಿಯುತ್ತಿದ್ದಾಗ ಇವರು ಮೆಲ್ಲಗೆ, “ಚಳಿಗಾಲ ಮುಗಿಯೋ ತನಕ ನೀರು ಬೇಡ ಕಣೇ. ಹಯಾಶಿ-ಸಾನ್ ಬಿದ್ದಿದ್ರೆ?” ಎಂದರು.

ತಲೆಯಾಡಿಸಿದೆ. ನೀನು ತೀರಿಹೋದ ಮೇಲೆ, ನೆಲಕ್ಕೆ ನೀರು ಬೀಳುವ ಆ ಸದ್ದು ಕೇಳಲೆಂದೇ ನೀರು ಹಾಕುತ್ತಿದ್ದೆನೆಂದು ಹೇಳಲಿಲ್ಲ. ಮೈಸೂರಿನ ಮನೆಯಲ್ಲಿ ಹೊದಿಕೆಯೊಳಗಿಂದಲೇ ಅದನ್ನು ಕೇಳುತ್ತಿದ್ದೆ. ಎಬ್ಬಿಸಲು ಬಂದ ಅಜ್ಜಿಗೆ ನೀನು, “ತಡವಾಗಿ ಓದಿ ಮಲಗಿದಾಳೆ, ಏಳಿಸ್ಬೇಡಿ” ಎನ್ನುತ್ತಿದ್ದೆ. ನಾನು ಎದ್ದು ಬರುವಷ್ಟರಲ್ಲಿ ನಿನ್ನ ರಂಗೋಲಿ ಮುಗಿದಿರುತ್ತಿತ್ತು. ನೀನು ಎಳೆಯನ್ನು ಎಲ್ಲಿಂದ ಶುರು ಮಾಡುತ್ತಿದ್ದೆಯೋ, ನನಗೆ ಗೊತ್ತಿಲ್ಲ.

ನಾಳೆ ನೀರು ಹಾಕುವುದಿಲ್ಲ. ಹಿಮದ ಮೇಲೆ ಬಿಳಿ ರಂಗೋಲಿ ಕಾಣುವುದಿಲ್ಲ. ಅರಿಶಿನದಲ್ಲಿ ಸಣ್ಣದೊಂದು ಬಿಡಿಸುತ್ತೇನೆ. ಅದಕ್ಕೂ ಮೊದಲು ನಿಧಿಯನ್ನು ಎಬ್ಬಿಸುತ್ತೇನೆ.