‘ಮೂತ್ರಪಿಂಡ ದೋಷ ಶೂನ್ಯ’ ಎಂಬ ನಿಮ್ಮ ಫಲಕದ ಬಗ್ಗೆ

ಹಲಸೂರಿನ ನಮ್ಮ ಟ್ರಸ್ಟ್ ಆಸ್ಪತ್ರೆಯ ಆಡಳಿತಾಧಿಕಾರಿಗಳಿಗೆ,

ಮಾನ್ಯರೇ, ನಿಮ್ಮ ಕೀಲುರೋಗ ವಿಭಾಗದ ಬಾಗಿಲಲ್ಲಿ ತೂಗುತ್ತಿರುವ ಫಲಕವನ್ನು ನಾನು ನಂಬುವುದಿಲ್ಲ. ‘ನಮ್ಮ ಸಂಧಿವಾತ ರೋಗಿಗಳಲ್ಲಿ ಮೂತ್ರಪಿಂಡ ದೋಷ ಶೂನ್ಯ’ ಎಂದು ಅದರಲ್ಲಿದೆ. ಎಂಥ ಪವಾಡ! ಈ ಕಾಯಿಲೆ ಕೀಲಿನಲ್ಲೇ ನಿಲ್ಲುವುದಿಲ್ಲ, ಕಾಯಿಲೆಯಿಂದಲೋ ದಿನಾ ನುಂಗುವ ನೋವಿನ ಮಾತ್ರೆಯಿಂದಲೋ ಕಿಡ್ನಿ ಸದ್ದಿಲ್ಲದೆ ಕೆಡಬಹುದು, ಅದಕ್ಕೇ ಆಗಾಗ ಮೂತ್ರ ಪರೀಕ್ಷೆ ಎಂದವರು ನಿಮ್ಮ ವೈದ್ಯರೇ. ಹಾಗಿದ್ದೂ ಒಬ್ಬರಿಗೂ ಕೆಡಲಿಲ್ಲವೇ? ಬೆರಳು ಸೊಟ್ಟಗಾದ ನಾವೆಲ್ಲ ಕಿಡ್ನಿಯ ವಿಷಯದಲ್ಲಿ ಮಾತ್ರ ಪೈಲ್ವಾನರೇ?

ಕಾರ್ಖಾನೆಯಿಂದ ನಿವೃತ್ತಳಾದ ನಾನೂ ಆ ವಿಭಾಗದ ಹಳೆಯ ಗಿರಾಕಿ. ಬೆಂಚಿನಲ್ಲಿ ನನ್ನ ಪಕ್ಕ ಕೂರುವವರು ಪೀರಮ್ಮ. ಯಾದಗಿರಿ ಕಡೆಯವರು, ಕೆ.ಆರ್. ಪುರದ ಬಾಡಿಗೆ ಕೋಣೆಯಲ್ಲಿ ಮಗ ಸೊಸೆಯ ಜೊತೆ ಇದ್ದಾರೆ. ಬೆರಳು ಮಡಚುವುದು ನಿಲ್ಲುವವರೆಗೂ ಅಪಾರ್ಟ್‌ಮೆಂಟುಗಳಲ್ಲಿ ನೆಲ ಒರೆಸುತ್ತಿದ್ದರು. ಇತ್ತೀಚೆಗೆ ಅವರ ಪಾದ ಊದಿಕೊಂಡು ಚಪ್ಪಲಿಗೆ ಹೋಗುತ್ತಿರಲಿಲ್ಲ. ರಿಪೋರ್ಟ್ ಮಾತ್ರ ಪ್ರತಿ ಸಲವೂ ನಾರ್ಮಲ್. ನನಗೆ ಲ್ಯಾಬಿನ ಮೇಲೇ ಅನುಮಾನ ಬಂತು. ಕೇಳಿದರೆ ಪೀರಮ್ಮ ನಗುತ್ತಲೇ ಹೇಳಿದರು:

“ಬಾಟ್ಲಿ ಮುಚ್ಚಳ ತಿರುವ್ಲಕ್ಕ ಆಗಲ್ರಿ ಅಕ್ಕೋರೆ, ಸಂಡಾಸ್‌ದಾಗ ಕುಂತ್ರ ಏಳ್ಲಕ್ಕ ಆಗಲ್ರಿ. ನಮ್ಮ ಸೌಂದರ್ಯಾನೇ ತುಂಬಿ ಕೊಡ್ತಾಳ್ರಿ. ಆಕಿಗಿ ಏನೂ ರೋಗ ಇಲ್ಲ, ರಿಪೋರ್ಟ್ ಛಂದ ಬರ್ತದ.”

ಸೌಂದರ್ಯಾ ಅವರ ಸೊಸೆ. ಪರೀಕ್ಷೆ ಎಂದರೆ ಪಾಸಾಗಬೇಕಾದದ್ದು ಎಂದು ತಿಳಿದ ಆ ಹುಡುಗಿ ಅತ್ತೆಯನ್ನು ಪ್ರೀತಿಯಿಂದ ಪಾಸು ಮಾಡಿಸುತ್ತಿದ್ದಳು. ಬೆಂಚಿನ ಇತರರನ್ನು ವಿಚಾರಿಸಿದೆ. ಮುನಿಲಕ್ಷ್ಮಮ್ಮನಿಗೆ ಮಗಳು, ಬದ್ರುನ್ನೀಸಾಗೆ ತಂಗಿ ತುಂಬಿಕೊಡುತ್ತಿದ್ದರು. “ಯಾರಾದ್ರೂ ಹೆಲ್ಪ್ ಮಾಡ್ರಮ್ಮಾ, ಬೇಗ ತುಂಬಿಸ್ಕೊಂಡ್ ಬನ್ನಿ” ಎಂದು ಅವಸರಪಡಿಸಿದ್ದು ನಿಮ್ಮ ಸಿಸ್ಟರ್. ಸಂಧಿವಾತದ ವಿಭಾಗಕ್ಕೆ ಕುಕ್ಕರಗಾಲಲ್ಲಿ ಕೂರುವ ಶೌಚಾಲಯವನ್ನೂ ಬಿಗಿ ಮುಚ್ಚಳದ ಬಾಟಲಿಯನ್ನೂ ಆರಿಸಿದ ಮಹಾನುಭಾವರು ಯಾರು? ಇಷ್ಟು ದಿನ ಯಾರ ಕಣ್ಣಿಗೂ ಇದು ಬೀಳಲೇ ಇಲ್ಲವೇ, ಅಥವಾ ಆ ಶೂನ್ಯ ನಿಮಗೆ ಅನುಕೂಲವಾಗಿತ್ತೇ? ಫಲಕ ಬಂದದ್ದು ಆಸ್ಪತ್ರೆಗೆ ಮಾನ್ಯತೆ ಕೊಡುವ ತಪಾಸಣಾ ತಂಡ ಬರುವ ಮುಂಚಿನ ವಾರ. ನಾನು ಅನುಮಾನದ ಪ್ರಾಣಿ ಎಂದು ಮನೆಯವರೂ ಬೈಯುತ್ತಾರೆ. ಬೈಯಲಿ.

ಪೀರಮ್ಮನನ್ನು ಇಂದಿರಾನಗರದ ಖಾಸಗಿ ಲ್ಯಾಬಿಗೆ ಕರೆದೊಯ್ದೆ. ಮುಚ್ಚಳ ನಾನು ತೆಗೆಸಿಕೊಟ್ಟೆ, ಮೂತ್ರ ಅವರದೇ. ಅದರಲ್ಲಿ ಪ್ರೋಟೀನ್ ಸೋರುತ್ತಿದೆ, ನೀವು ಪರೀಕ್ಷಿಸದೇ ಬಿಟ್ಟ ರಕ್ತದಲ್ಲಿ ಕ್ರಿಯಾಟಿನಿನ್ ಏರಿದೆ. ಅಲ್ಲಿನ ವೈದ್ಯರು ನೋವಿನ ಮಾತ್ರೆಯನ್ನು ಅವತ್ತೇ ನಿಲ್ಲಿಸಿದರು. ಕೆಟ್ಟಿರುವುದರಲ್ಲಿ ಎಷ್ಟು ಮರಳಿ ಬರುತ್ತದೋ ಹೇಳಲಾರೆ ಎಂದರು. ಇಷ್ಟು ದಿನ ಆ ಮಾತ್ರೆ ಕೊಡುತ್ತಾ ಬಂದದ್ದು ನೀವು, ಸೌಂದರ್ಯಾಳ ಕಿಡ್ನಿ ಚೆನ್ನಾಗಿದೆ ಎಂಬ ಆಧಾರದ ಮೇಲೆ.

ಇದನ್ನೆಲ್ಲ ನಿಮ್ಮ ಕಚೇರಿಗೆ ಬಂದು ಹೇಳಿದೆವು. ನಿಮ್ಮವರು ಮಾಡಿದ ಮೊದಲ ಕೆಲಸವೇನು ಗೊತ್ತೇ? ‘ಸುಳ್ಳು ಮಾದರಿ ಕೊಟ್ಟಿದ್ದು ರೋಗಿಯ ಕಡೆಯವರ ತಪ್ಪು’ ಎಂಬ ಕಾಗದಕ್ಕೆ ಪೀರಮ್ಮನ ಹೆಬ್ಬೆಟ್ಟು ಕೇಳಿದ್ದು. ಚಿಕಿತ್ಸೆಗಿಲ್ಲದ ಅವಸರ ಹೆಬ್ಬೆಟ್ಟಿಗೆ ಏಕೆ ಸ್ವಾಮಿ? ನಾನು ಒತ್ತಲು ಬಿಡಲಿಲ್ಲ.

ಆ ವಿಭಾಗದ ಪ್ರತಿಯೊಬ್ಬರಿಗೂ ಮೂತ್ರ, ರಕ್ತ ಎರಡನ್ನೂ ಹೊಸದಾಗಿ ಪರೀಕ್ಷಿಸಿ. ಅಲ್ಲಿಯವರೆಗೆ ಯಾರಿಗೂ ಕಣ್ಣುಮುಚ್ಚಿ ನೋವಿನ ಮಾತ್ರೆ ಬರೆಯಬೇಡಿ. ಕೂತು ಏಳಬಹುದಾದ ಕಮೋಡ್ ಹಾಕಿಸಿ, ಅಗಲ ಬಾಯಿಯ ಕಪ್ ಕೊಡಿ. ಇದೆಲ್ಲಕ್ಕಿಂತ ಮೊದಲು ಕೆ.ಆರ್. ಪುರಕ್ಕೆ ಹೋಗಿ. ಸೌಂದರ್ಯಾ ಅತ್ತೆಯ ಮುಖ ನೋಡುವುದನ್ನೇ ಬಿಟ್ಟಿದ್ದಾಳೆ, ತನ್ನ ಕೈಯಾರೆ ಅತ್ತೆಯನ್ನು ಹಾಳು ಮಾಡಿದೆ ಎಂದು ಅಳುತ್ತಾಳೆ. ನಾನು ಹೇಳಿದರೆ ನಂಬುತ್ತಿಲ್ಲ. ತಪ್ಪು ನಿನ್ನದಲ್ಲಮ್ಮ, ನಮ್ಮದು ಎಂದು ನೀವೇ ಅವಳೆದುರು ನಿಂತು ಹೇಳಿ.

ಇಂತಿ,
ಇಷ್ಟೆಲ್ಲ ಬರೆದೂ ಮುಂದಿನ ವಾರ ನಿಮ್ಮ ಬಾಗಿಲಿಗೇ ಬರಬೇಕಾದ,
ಕೋಕಿಲಾ
ಇಂದಿರಾನಗರ